ಶುಭಾಶಯ ಪತ್ರದ ಖಾಲಿ ಪುಟ

ಮಳೆಗಾಲ ಕಳೆದು ಬಿಸಿಲು ಬಿದ್ದೊಡನೆ ಪೆಟ್ಟಿಗೆಗಳಲ್ಲಿರುವ ಬಟ್ಟೆಬರೆ, ಕಾಗದಪತ್ರಗಳನ್ನು ಹೊರಗೆ ಹರಡಿ ಒಣಗಿಸುವುದು ನಮ್ಮ ಕರಾವಳಿಯ ಮನೆಗಳ ವಾಡಿಕೆ. ಆದಿ ಉಡುಪಿಯ ನಮ್ಮ ಮನೆಯಲ್ಲಿ ಹಾಗೆ ಮಾಡುತ್ತಿದ್ದಾಗ ಒಂದು ತಗಡಿನ ಡಬ್ಬಿಯೊಳಗೆ ನಲವತ್ತಕ್ಕೂ ಮಿಕ್ಕಿ ಹಳೆಯ ಶುಭಾಶಯ ಪತ್ರಗಳು ದೊರೆತವು. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಬಂಧುಗಳು, ಕೊಲ್ಲಿ ದೇಶಗಳಿಗೆ ಹೋದ ನೆರೆಯವರು, ಕಲ್ಯಾಣಪುರದ ಕ್ರೈಸ್ತ ಮಿತ್ರರು ಕಳುಹಿಸಿದವು ಅವು. ಹಿಮ ಹೊದ್ದ ಮರಗಳು, ಕೆಂಪು ಗುಲಾಬಿಗಳು, ಹೊಂಬಣ್ಣದ ಇಂಗ್ಲಿಷ್ ಅಕ್ಷರಗಳು. ಒಳಗೆ ಎಂಟು ಸಾಲಿನ ಅಚ್ಚಾದ ಪದ್ಯ, ಅದರ ಕೆಳಗೆ ಒಂದು ಸಹಿ. ಯಾರು ಯಾರಿಗೆ ಕಳುಹಿಸಿದರೂ ಸಲ್ಲತಕ್ಕ ಮಾತುಗಳವು. ಅವುಗಳ ನಡುವೆ ಒಂದು ಮಾತ್ರ ಬೇರೆ ಬಗೆಯದು. ತೀರ ಸಾಧಾರಣವಾದ ಕಾರ್ಡು; ಆದರೆ ಒಳಪುಟದಲ್ಲಿ ನಮ್ಮ ಸೋದರಮಾವ ಸ್ವಹಸ್ತದಿಂದ ಬರೆದ ಐದು ಸಾಲುಗಳಿದ್ದವು. ಅಂಗಳದ ಹಲಸು ಈ ವರ್ಷ ಫಲ ಬಿಟ್ಟಿತೇ, ಅಕ್ಕನ ಕಾಲುನೋವು ಕಡಮೆಯಾಯಿತೇ, ನಿಮ್ಮ ಪರೀಕ್ಷೆಗಳು ಹೇಗಾದವು, ಎಂದು ವಿಚಾರಿಸಿದ್ದರು. ಅಷ್ಟೂ ಪತ್ರಗಳಲ್ಲಿ ನಾವು ಎರಡು ಸಲ ಓದಿದ್ದು ಅದೊಂದನ್ನೇ.

ಇದು ಕೇವಲ ಒಂದು ಮನೆಯ ಸಂಗತಿಯಲ್ಲ. ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಪೇಟೆಗಳಲ್ಲಿ ಇಪ್ಪತ್ತೈದು ವರ್ಷಗಳ ಹಿಂದೆ ಡಿಸೆಂಬರ್ ತಿಂಗಳು ಬಂತೆಂದರೆ ಪುಸ್ತಕದ ಅಂಗಡಿಗಳ ಮುಂದೆ ದಾರ ಕಟ್ಟಿ ಶುಭಾಶಯ ಪತ್ರಗಳನ್ನು ತೂಗುಹಾಕುವುದು ಸಾಮಾನ್ಯ ನೋಟವಾಗಿತ್ತು. ಇಂದು ಆ ನೋಟ ಅಪರೂಪ. ಫೋನು ಬಂತು, ಕಾರ್ಡು ಹೋಯಿತು ಎಂದು ಜನರು ಸುಲಭವಾಗಿ ಹೇಳಿಬಿಡುತ್ತಾರೆ. ನಮ್ಮ ಅಭಿಪ್ರಾಯ ಸ್ವಲ್ಪ ಬೇರೆ. ಕಳುಹಿಸುವವನು ಆಡಬೇಕಾದ ಮಾತನ್ನು ತಾನೇ ಆಡಹೊರಟು ಶುಭಾಶಯ ಪತ್ರವು ಫೋನು ಬರುವ ಮೊದಲೇ ಬಲಗುಂದಿತ್ತು. ಹಾಗಾಗುವುದಕ್ಕೆ ಮುಖ್ಯ ಕಾರಣ ಅಚ್ಚಿನ ಯಂತ್ರದ ಲೆಕ್ಕಾಚಾರ. ಆ ಲೆಕ್ಕಾಚಾರ ಈಗ ಬದಲಾಗಿದೆ. ಆದುದರಿಂದ ಈ ಪತ್ರವನ್ನು ಮರಳಿ ನಮ್ಮದಾಗಿ ಮಾಡಿಕೊಳ್ಳಲು ಇದೇ ತಕ್ಕ ಕಾಲವೆಂದು ನಾವು ಭಾವಿಸುತ್ತೇವೆ. ವಾಚಕರು ನಮ್ಮೊಡನೆ ಈ ಲೆಕ್ಕವನ್ನು ಒಮ್ಮೆ ಪರಿಶೀಲಿಸಬೇಕು.

ಪತ್ರ ಹುಟ್ಟಿದ ಬಗೆ

ಅಚ್ಚಾದ ಶುಭಾಶಯ ಪತ್ರದ ಜನ್ಮಕಥೆ ವಿನೋದವಾಗಿದೆ. 1840ರಲ್ಲಿ ಇಂಗ್ಲೆಂಡಿನಲ್ಲಿ ದೇಶದ ಯಾವ ಮೂಲೆಗಾದರೂ ಒಂದು ಪೆನ್ನಿಗೆ ಕಾಗದ ಹೋಗುವ ಏರ್ಪಾಡಾಯಿತು. ಅಂಚೆ ಅಗ್ಗವಾದೊಡನೆ ಕಾಗದಗಳ ರಾಶಿಯೂ ಬೆಳೆಯಿತು. ಆ ಸುಧಾರಣೆಗಾಗಿ ದುಡಿದವರಲ್ಲಿ ಒಬ್ಬನಾದ ಹೆನ್ರಿ ಕೋಲ್ ಎಂಬ ಅಧಿಕಾರಿಗೆ ಕ್ರಿಸ್‌ಮಸ್ ಕಾಲದಲ್ಲಿ ಬಂದ ಕಾಗದಗಳಿಗೆಲ್ಲ ಉತ್ತರ ಬರೆಯುವಷ್ಟು ಬಿಡುವಿರಲಿಲ್ಲ. 1843ರಲ್ಲಿ ಅವನು ಜಾನ್ ಕ್ಯಾಲ್ಕಾಟ್ ಹಾರ್ಸ್‌ಲಿ ಎಂಬ ಚಿತ್ರಕಾರನಿಂದ ಒಂದು ಚಿತ್ರ ಬರೆಯಿಸಿ, ಕಲ್ಲಚ್ಚಿನಲ್ಲಿ ಸುಮಾರು ಒಂದು ಸಾವಿರ ಪ್ರತಿಗಳನ್ನು ಮಾಡಿಸಿ, ಕೈಯಿಂದ ಬಣ್ಣ ಹಾಕಿಸಿದನು. ತನಗೆ ಬೇಕಾದಷ್ಟು ಇಟ್ಟುಕೊಂಡು ಉಳಿದವನ್ನು ಒಂದು ಶಿಲ್ಲಿಂಗಿಗೆ ಒಂದರಂತೆ ಮಾರಾಟಕ್ಕೆ ಬಿಟ್ಟನು. ಬರೆಯಲು ಬಿಡುವಿಲ್ಲದವನು ಕಂಡುಹಿಡಿದ ವಸ್ತುವೇ ಶುಭಾಶಯ ಪತ್ರ! ಆದರೂ ಆ ಮೊದಲ ಪತ್ರದಲ್ಲಿ ಹಾರೈಕೆಯ ಒಂದೇ ವಾಕ್ಯ ಅಚ್ಚಾಗಿತ್ತು. ಯಾರಿಗೆ, ಯಾರಿಂದ ಎಂದು ಬರೆಯುವುದಕ್ಕೆ ಮೇಲೂ ಕೆಳಗೂ ಖಾಲಿ ಜಾಗ ಬಿಟ್ಟಿತ್ತು ಎಂಬುದನ್ನು ಗಮನಿಸಬೇಕು.

ಅದೇ 1843ನೆಯ ವರ್ಷ ನಮ್ಮ ಕರಾವಳಿಗೂ ಮುಖ್ಯವಾದುದು. ಆ ವರ್ಷದ ಜುಲೈ 1ರಂದು ಹೆರ್ಮನ್ ಮೋಗ್ಲಿಂಗ್ ಅವರು ಮಂಗಳೂರಿನಲ್ಲಿ 'ಮಂಗಳೂರು ಸಮಾಚಾರ'ವನ್ನು ಹೊರತಂದರು. ಕನ್ನಡದ ಆ ಮೊದಲ ವೃತ್ತಪತ್ರಿಕೆಯೂ ಅಚ್ಚಾದುದು ಕಲ್ಲಚ್ಚಿನಲ್ಲಿಯೇ. ಲಂಡನ್ನಿನಲ್ಲಿ ಶುಭಾಶಯ ಪತ್ರವನ್ನು ಮುದ್ರಿಸಿದ ವಿದ್ಯೆಯೂ ಬಾಸೆಲ್ ಮಿಶನ್ನಿನ ಅಚ್ಚುಕೂಟದ ವಿದ್ಯೆಯೂ ಒಂದೇ ಆಗಿತ್ತೆಂದರೆ, ಕರಾವಳಿಗೆ ಈ ಕಲೆ ತಡವಾಗಿ ಬಂದಿತೆಂದು ಯಾರೂ ಹೇಳುವಂತಿಲ್ಲ. ಅಗ್ಗದ ಅಂಚೆಯೂ ನಮಗೆ ಬೇಗನೆ ಬಂತು. 1854ರಲ್ಲಿ ದೇಶಕ್ಕೆಲ್ಲ ಏಕರೀತಿಯ ಅಂಚೆದರ ಜಾರಿಗೆ ಬಂದು, 1879ರ ಜುಲೈ 1ರಿಂದ ಕಾಲಾಣೆಯ ಅಂಚೆ ಕಾರ್ಡು ದೊರೆಯತೊಡಗಿತು.

ಕಲ್ಲಚ್ಚಿನ ತತ್ತ್ವ ಸರಳವಾದುದು. ಎಣ್ಣೆಯೂ ನೀರೂ ಕೂಡಲಾರವು ಎಂಬುದು ಅಡಿಗೆಮನೆಯಲ್ಲಿ ಎಲ್ಲರೂ ಕಂಡ ಸಂಗತಿ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆದು, ಕಲ್ಲನ್ನು ಒದ್ದೆಮಾಡಿ, ಅನಂತರ ಎಣ್ಣೆಯ ಮಸಿಯನ್ನು ಉರುಳಿಸಿದರೆ, ಮಸಿಯು ಜಿಡ್ಡಿನ ಗೆರೆಗಳಿಗೆ ಮಾತ್ರ ಅಂಟುತ್ತದೆ. ಒದ್ದೆಯಾದ ಭಾಗ ಅದನ್ನು ದೂರ ತಳ್ಳುತ್ತದೆ. ಈಗಿನ ಆಫ್‌ಸೆಟ್ ಯಂತ್ರದಲ್ಲಿಯೂ ಕೆಲಸಮಾಡುವುದು ಇದೇ ತತ್ತ್ವ. ಕಲ್ಲಿನ ಬದಲು ತೆಳುವಾದ ಲೋಹದ ಪ್ಲೇಟು ಬಂದಿದೆ. ಪ್ಲೇಟಿನ ಚಿತ್ರವು ಮೊದಲು ರಬ್ಬರ್ ಹೊದಿಕೆಗೆ ಇಳಿದು, ಅಲ್ಲಿಂದ ಕಾಗದಕ್ಕೆ ಹೋಗುತ್ತದೆ. ಮೆತ್ತಗಿನ ರಬ್ಬರು ಕಾಗದದ ತರಿಗಳೊಳಕ್ಕೂ ಒತ್ತುವುದರಿಂದ ಅಚ್ಚು ನಯವಾಗಿ ಮೂಡುತ್ತದೆ.

ಅಚ್ಚಿನ ಲೆಕ್ಕ

ಒಂದು ಬಣ್ಣದ ಶುಭಾಶಯ ಪತ್ರ ಹೇಗೆ ತಯಾರಾಗುತ್ತದೆಂಬುದನ್ನು ಈಗ ನೋಡೋಣ. ಚಿತ್ರಕಾರನು ಬರೆದ ಚಿತ್ರವನ್ನು ಆಕಾಶನೀಲಿ, ನಸುಗೆಂಪು, ಹಳದಿ, ಕಪ್ಪು ಎಂಬ ನಾಲ್ಕು ಬಣ್ಣಗಳಾಗಿ ಬೇರ್ಪಡಿಸುತ್ತಾರೆ. ಪ್ರತಿಯೊಂದು ಬಣ್ಣವನ್ನೂ ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆಯುತ್ತಾರೆ. ಒಂದು ಅಂಗುಲಕ್ಕೆ 150 ಸಾಲು ಚುಕ್ಕಿಗಳೆಂದರೆ ಚುಕ್ಕಿಯಿಂದ ಚುಕ್ಕಿಗೆ ಇರುವ ಅಂತರ ಸುಮಾರು 0.17 ಮಿಲಿಮೀಟರ್. ಇಷ್ಟು ಸೂಕ್ಷ್ಮವಾದ ಚುಕ್ಕಿಗಳನ್ನು ಕಣ್ಣು ಬಿಡಿಬಿಡಿಯಾಗಿ ಗುರುತಿಸಲಾರದು. ಅವೆಲ್ಲ ಕೂಡಿ ಒಂದೇ ಬಣ್ಣವಾಗಿ ತೋರುತ್ತವೆ. ಭೂತಗನ್ನಡಿಯಿಟ್ಟು ನೋಡಿದ ಮಕ್ಕಳಿಗೆ ಈ ಗುಟ್ಟು ಗೊತ್ತು. ನಾಲ್ಕು ಬಣ್ಣಕ್ಕೆ ನಾಲ್ಕು ಪ್ಲೇಟುಗಳು ಬೇಕು. ಚಿನ್ನದ ಹೊಳಪು ಈ ನಾಲ್ಕು ಬಣ್ಣಗಳಿಂದ ಬರಲಾರದು. ಅದಕ್ಕೆ ಕಾಯಿಸಿದ ಲೋಹದ ಅಚ್ಚಿನಿಂದ ಹೊಳೆಯುವ ಫಾಯಿಲ್ಲನ್ನು ಒತ್ತಬೇಕು. ಹೂವಿನ ಆಕಾರಕ್ಕೆ ಅಂಚನ್ನು ಕತ್ತರಿಸಬೇಕಾದರೆ ಮತ್ತೊಂದು ಡೈ ಬೇಕು.

ಇವೆಲ್ಲವೂ ಮೊದಲ ಪ್ರತಿ ಹೊರಬರುವುದಕ್ಕೆ ಮುಂಚೆಯೇ ಆಗಬೇಕಾದ ವೆಚ್ಚಗಳು. ಒಂದು ಪ್ರತಿ ತೆಗೆದರೂ ಅಷ್ಟೇ, ಹತ್ತು ಸಾವಿರ ತೆಗೆದರೂ ಅಷ್ಟೇ. ಉದಾಹರಣೆಗೆ ಈ ಮೊದಲ ವೆಚ್ಚ 3,000 ರೂಪಾಯಿ ಎಂದು ಭಾವಿಸಿರಿ. ನೂರು ಪ್ರತಿ ಮಾಡಿದರೆ ಒಂದೊಂದರ ತಲೆಗೆ 30 ರೂಪಾಯಿ ಬೀಳುತ್ತದೆ. ಹತ್ತು ಸಾವಿರ ಮಾಡಿದರೆ 30 ಪೈಸೆ ಮಾತ್ರ. ಹೀಗಾಗಿ ಹೆಚ್ಚು ಅಚ್ಚು ಹಾಕಿದವನೇ ಅಗ್ಗವಾಗಿ ಮಾರಬಲ್ಲನು. ನಮ್ಮ ದೇಶದಲ್ಲಿ ಬೆಂಕಿಪೆಟ್ಟಿಗೆಯ ಚೀಟಿಗಳಿಂದ ಮೊದಲ್ಗೊಂಡು ಪಂಚಾಂಗ, ಲಗ್ನಪತ್ರಿಕೆಗಳವರೆಗೆ ತಮಿಳುನಾಡಿನ ಶಿವಕಾಶಿಯು ಮುದ್ರಣದ ಪೇಟೆಯಾಗಿ ಬೆಳೆದುದರಲ್ಲಿ ಈ ಲೆಕ್ಕದ ಪಾಲು ಬಹಳ.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಹತ್ತು ಸಾವಿರ ಪ್ರತಿ ಮಾರಬೇಕಾದರೆ ಅದರಲ್ಲಿರುವ ಮಾತು ಹತ್ತು ಸಾವಿರ ಜನರಿಗೆ ಒಪ್ಪುವಂತಿರಬೇಕು. ಅಂಗಳದ ಹಲಸು, ಅಕ್ಕನ ಕಾಲುನೋವು ಅಲ್ಲಿಗೆ ಬರುವಂತಿಲ್ಲ. 'ನಿಮ್ಮ ಬಾಳು ಬೆಳಗಲಿ, ಕನಸುಗಳು ನನಸಾಗಲಿ' ಎಂಬಂಥ ಮಾತೇ ಬರಬೇಕು. ಭಾಷೆಯೂ ಎಲ್ಲ ಊರಿಗೂ ಸಲ್ಲಬೇಕಾದುದರಿಂದ ಇಂಗ್ಲಿಷಿಗೆ ಮೊದಲ ಮಣೆ ದೊರೆಯಿತು. ಕನ್ನಡದ ಯುಗಾದಿ, ದೀಪಾವಳಿಗಳ ಪತ್ರಗಳು ಅಂಗಡಿಯ ಒಂದು ಮೂಲೆಯಲ್ಲಿ ನಿಂತವು. ಇದರಲ್ಲಿ ಯಾರದೂ ದುರುದ್ದೇಶವಿರಲಿಲ್ಲ. ಪ್ಲೇಟಿನ ಬೆಲೆಯೇ ಕವಿಯ ಕೈಯನ್ನು ಕಟ್ಟಿಹಾಕಿತ್ತು.

ಮಾರುವ ಬಗೆ

ಮಾರಾಟದ ರೀತಿಯೂ ಇದೇ ದಿಕ್ಕಿಗೆ ಎಳೆಯಿತು. ಅಮೆರಿಕದಲ್ಲಿ 1910ರಲ್ಲಿ ಜಾಯ್ಸ್ ಹಾಲ್ ಎಂಬ ತರುಣನು ಆರಂಭಿಸಿದ ವ್ಯಾಪಾರವೇ ಮುಂದೆ ಹಾಲ್‌ಮಾರ್ಕ್ ಎಂದು ಹೆಸರಾಯಿತು. ಆ ಕಾಲದ ಅಂಗಡಿಗಳಲ್ಲಿ ಪತ್ರಗಳನ್ನು ಮೇಜಿನ ಸೆಳೆಖಾನೆಯೊಳಗೆ ಇಟ್ಟಿರುತ್ತಿದ್ದರು. ಗಿರಾಕಿ ಕೇಳಿದರೆ ಅಂಗಡಿಯವನು ತೆಗೆದು ತೋರಿಸಬೇಕು. 1930ರ ದಶಕದಲ್ಲಿ ಹಾಲ್‌ಮಾರ್ಕಿನವರು ಪತ್ರಗಳನ್ನು ಮೆಟ್ಟಿಲುಮೆಟ್ಟಿಲಾಗಿ ಹೊರಗೇ ಜೋಡಿಸುವ ಸ್ಟ್ಯಾಂಡುಗಳನ್ನು ತಂದರು. ಗಿರಾಕಿಯು ತಾನೇ ತೆಗೆದು, ಬಿಚ್ಚಿ, ಓದಿ, ಆರಿಸಿಕೊಳ್ಳತೊಡಗಿದನು. ನೋಡಿ ಆರಿಸುವುದಕ್ಕೆ ಒಳಗೆ ಏನಾದರೂ ಅಚ್ಚಾಗಿರಬೇಕಷ್ಟೆ. 'ತಂದೆಗೆ', 'ತಂಗಿಗೆ', 'ಗುರುಗಳಿಗೆ' ಎಂದು ಬಗೆಬಗೆಯಾಗಿ ವಿಂಗಡಿಸಿದ ಪದ್ಯಗಳು ಬಂದವು. ನಾವು ಏನು ಹೇಳಬೇಕೆಂಬುದನ್ನು ಅಂಗಡಿಯ ಸ್ಟ್ಯಾಂಡಿನಲ್ಲಿ ಹುಡುಕುವ ಅಭ್ಯಾಸ ಬೆಳೆದುದು ಹೀಗೆ.

ನಮ್ಮಲ್ಲಿ 1979ರಲ್ಲಿ ದೆಹಲಿಯಲ್ಲಿ ಆರ್ಚೀಸ್ ಆರಂಭವಾಯಿತು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಶುಭಾಶಯ ಪತ್ರ ಎಂಬ ಮಾತಿಗೂ ಆ ಹೆಸರಿಗೂ ಭೇದವೇ ಇಲ್ಲದಂತೆ ಕಾಲೇಜು ವಿದ್ಯಾರ್ಥಿಗಳ ಬಾಯಲ್ಲಿ ಅದು ನೆಲೆಸಿತು. ಅದೇ ವರ್ಷ ಮುಂಬಯಿಯಲ್ಲಿ ರಿಪ್ಪನ್ ಕಪೂರ್ ಮತ್ತು ಅವರ ಸ್ನೇಹಿತರು ಸ್ಥಾಪಿಸಿದ 'ಕ್ರೈ' ಸಂಸ್ಥೆಯು ಪತ್ರಗಳ ಮಾರಾಟದಿಂದ ಬಡ ಮಕ್ಕಳಿಗಾಗಿ ಹಣ ಕೂಡಿಸಿತು. ಇದಕ್ಕೆ ಮೇಲ್ಪಂಕ್ತಿಯಾಗಿ 1949ರ ಒಂದು ಸುಂದರ ಸಂಗತಿಯುಂಟು. ಯುದ್ಧದಿಂದ ಜರ್ಜರಿತವಾದ ಚೆಕೊಸ್ಲೊವಾಕಿಯದಲ್ಲಿ ಯುನಿಸೆಫ್‌ನ ನೆರವು ಪಡೆದ ಒಂದು ಹಳ್ಳಿಯ ಶಾಲೆಯಲ್ಲಿ ಯಿಟ್ಕಾ ಸಮ್ಕೋವಾ ಎಂಬ ಏಳು ವರ್ಷದ ಹುಡುಗಿ ಕೃತಜ್ಞತೆಗಾಗಿ ಒಂದು ಚಿತ್ರ ಬರೆದಳು. ಕಾಗದವಿಲ್ಲದೆ ಗಾಜಿನ ಮೇಲೆ ಬರೆದ ಆ ಚಿತ್ರವೇ ಯುನಿಸೆಫ್‌ನ ಮೊದಲ ಶುಭಾಶಯ ಪತ್ರವಾಯಿತು. ಒಬ್ಬ ಮಗುವಿಗೆ ಒಂದು ಮಾತು ಹೇಳಬೇಕಾಗಿತ್ತು. ಅದನ್ನು ತನ್ನ ಕೈಯಿಂದಲೇ ಹೇಳಿತು. ಆ ಪತ್ರದ ಬೆಲೆಯೆಲ್ಲ ಇದ್ದುದು ಅಲ್ಲಿ.

ಅನಂತರ ಮೊಬೈಲ್ ಫೋನುಗಳು ಬಂದವು. ಹೊಸ ವರ್ಷ, ದೀಪಾವಳಿಗಳಂದು ಕಿರುಸಂದೇಶಗಳ ನೂಕುನುಗ್ಗಲು ಎಷ್ಟಾಯಿತೆಂದರೆ, ಆ ದಿನಗಳಲ್ಲಿ ರಿಯಾಯಿತಿ ದರ ಸಲ್ಲದೆಂದು ಫೋನ್ ಕಂಪೆನಿಗಳು ನಿಯಮ ಮಾಡಿಕೊಂಡಿದ್ದ ಕಾಲವೂ ಇತ್ತು. ವಾಟ್ಸ್‌ಆ್ಯಪ್ ಬಂದ ಮೇಲೆ ಆ ತಡೆಯೂ ಹೋಯಿತು. ಹೂವಿನ ಚಿತ್ರ, ದೀಪದ ಚಿತ್ರ, ಯಾರೋ ಬರೆದ ನಾಲ್ಕು ಸಾಲು ಒಬ್ಬರಿಂದ ಒಬ್ಬರಿಗೆ ಹರಿದುಹೋಗುತ್ತವೆ. ಅಂಗಡಿಯ ಪತ್ರದಲ್ಲಿದ್ದುದು ಇವೇ ತಾನೆ? ಬೇರೆಯವರ ಚಿತ್ರ, ಬೇರೆಯವರ ಪದ್ಯ, ಕೆಳಗೆ ನಮ್ಮ ಹೆಸರು. ಅದೇ ಸರಕು ಬಿಟ್ಟಿಯಾಗಿ, ಕ್ಷಣಮಾತ್ರದಲ್ಲಿ ತಲಪುವಾಗ ಹಣ ಕೊಟ್ಟು ಕೊಳ್ಳುವವರು ಯಾರು? ಗಿರಾಕಿಗಳು ಅಂಗಡಿಯನ್ನು ಬಿಟ್ಟುದರಲ್ಲಿ ಆಶ್ಚರ್ಯವಿಲ್ಲ.

ಕರೆಯೋಲೆ ಏಕೆ ಉಳಿಯಿತು?

ಫೋನಿನಿಂದಲೇ ಕಾರ್ಡು ಅಳಿಯಿತೆಂಬ ವಾದಕ್ಕೆ ನಮ್ಮ ಊರಿನಲ್ಲಿಯೇ ಒಂದು ಪ್ರಬಲವಾದ ಉತ್ತರವಿದೆ. ಉಡುಪಿಯ ಯಾವ ಮುದ್ರಣಾಲಯಕ್ಕಾದರೂ ಚಳಿಗಾಲದಲ್ಲೋ ಬೇಸಗೆಯಲ್ಲೋ ಹೋಗಿ ನೋಡಿರಿ. ಮದುವೆ, ಉಪನಯನ, ಬ್ರಹ್ಮಕಲಶ, ನಾಗಮಂಡಲ, ನೇಮೋತ್ಸವ ಇವುಗಳ ಆಮಂತ್ರಣ ಪತ್ರಿಕೆಗಳು ಕಟ್ಟುಕಟ್ಟಾಗಿ ಹೊರಡುತ್ತಿರುತ್ತವೆ. ಎರಡು ವರ್ಷಗಳಿಗೊಮ್ಮೆ ಜನವರಿ 18ರಂದು ನಡೆಯುವ ಪರ್ಯಾಯೋತ್ಸವದ ಕಾಲದಲ್ಲಂತೂ ಹೇಳಬೇಕಾದುದಿಲ್ಲ. ಆಮಂತ್ರಣದ ಚಿತ್ರಗಳು ಫೋನಿನಲ್ಲಿಯೂ ಹೋಗುತ್ತವೆ, ನಿಜ. ಆದರೂ ಹಿರಿಯರ ಮನೆಗೆ ಹೋಗಿ ಕಾಗದ ಕೊಡದೆ ಮದುವೆಗೆ ಕರೆದಂತಾಗುವುದಿಲ್ಲ ಎಂಬ ಭಾವನೆ ನಮ್ಮಲ್ಲಿ ಇನ್ನೂ ಅಳಿದಿಲ್ಲ.

ಈ ಪತ್ರಿಕೆಯಲ್ಲಿ ಅಚ್ಚಾಗಿರುವುದು ದಿನ, ಮುಹೂರ್ತ, ಸ್ಥಳ, ಹೆಸರುಗಳು, ಅಂದರೆ ಎಲ್ಲರಿಗೂ ಸಮಾನವಾದ ಸಂಗತಿಗಳು. ಲಕ್ಕೋಟೆಯ ಮೇಲಿನ ಹೆಸರನ್ನು ಮನೆಯವರೇ ಕೈಯಿಂದ ಬರೆಯುತ್ತಾರೆ. ಮೂಲೆಗೆ ಅರಸಿನ ಹಚ್ಚುತ್ತಾರೆ. ಬಾಗಿಲಿಗೆ ಬಂದು, ಕುಳಿತು, ನೀರು ಬೆಲ್ಲವನ್ನೋ ಕಾಫಿಯನ್ನೋ ಸ್ವೀಕರಿಸಿ, 'ನೀವು ಎರಡು ದಿನ ಮೊದಲೇ ಬರಬೇಕು' ಎಂದು ಬಾಯಿಬಿಟ್ಟು ಹೇಳುತ್ತಾರೆ. ಅಚ್ಚಿನ ಕೆಲಸ ಅಚ್ಚಿಗೆ, ಮನುಷ್ಯನ ಕೆಲಸ ಮನುಷ್ಯನಿಗೆ ಎಂಬ ವಿಭಾಗ ಇಲ್ಲಿ ಸರಿಯಾಗಿ ಉಳಿದಿದೆ. ಶುಭಾಶಯ ಪತ್ರದಲ್ಲಿ ಈ ವಿಭಾಗ ಕೆಟ್ಟುಹೋಯಿತು. ಒಂದು ಉಳಿದು ಇನ್ನೊಂದು ಅಳಿದುದಕ್ಕೆ ಇದೇ ಕಾರಣವೆಂದು ನಮ್ಮ ಮತ.

ವಿಜ್ಞಾನಿಗಳ ಒಂದು ಪರೀಕ್ಷೆಯೂ ಈ ಮಾತಿಗೆ ಪುಷ್ಟಿ ಕೊಡುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ ಅವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮಗೆ ಉಪಕಾರ ಮಾಡಿದ ಒಬ್ಬರಿಗೆ ಕೃತಜ್ಞತೆಯ ಪತ್ರ ಬರೆಯುವಂತೆ ಜನರಿಗೆ ಹೇಳಿದ್ದರು. ಓದಿದವರಿಗೆ ಹೇಗೆನಿಸಬಹುದೆಂದು ಬರೆದವರನ್ನು ಮೊದಲು ಕೇಳಿದರು; ಆಮೇಲೆ ಓದಿದವರನ್ನೇ ಕೇಳಿದರು. ತಮ್ಮ ಪತ್ರ ಓದಿ ಅವರು ಮುಜುಗರಪಡಬಹುದೆಂದು ಬರೆದವರು ನೆನೆದುದಕ್ಕಿಂತ ನಿಜವಾದ ಮುಜುಗರ ಕಡಮೆಯಾಗಿತ್ತು. ಸಂತೋಷವೋ ಅವರು ಎಣಿಸಿದುದಕ್ಕಿಂತ ಹೆಚ್ಚಾಗಿತ್ತು. ನನ್ನ ಬರವಣಿಗೆ ಚೆನ್ನಾಗಿಲ್ಲ, ಏನು ಬರೆಯಲಿ ಎಂದು ಹಿಂಜರಿದು ಅಂಗಡಿಯ ಪದ್ಯಕ್ಕೆ ಕೈಯೊಡ್ಡುವವರು ಇದನ್ನು ನೆನಪಿಡಬೇಕು. ಆ ಪರೀಕ್ಷೆಯ ಪತ್ರಗಳು ಹೋದುದು ವಿದ್ಯುನ್ಮಾನ ಅಂಚೆಯಲ್ಲಿ ಎಂಬುದನ್ನೂ ಹೇಳುವುದು ನ್ಯಾಯ. ಸಂತೋಷ ಕೊಟ್ಟುದು ಕಾಗದವಲ್ಲ, ಸ್ವಂತ ಮಾತು. ಹಾಗಾದರೆ ಕಾಗದವೇಕೆ ಎಂದು ಕೇಳಬಹುದು. ಕಾಗದದ ಒಂದು ಪ್ರತಿ ಒಬ್ಬರಿಗೇ ಸೇರುತ್ತದೆ. ಅದನ್ನು ಒಂದು ಬೆರಳಿನಿಂದ ನೂರು ಜನರಿಗೆ ದಾಟಿಸುವಂತಿಲ್ಲ. ಫೋನು ಬದಲಾದರೂ ಅದು ಡಬ್ಬಿಯಲ್ಲಿ ಉಳಿಯುತ್ತದೆ. ಈ ಎರಡು ಗುಣಗಳಿಗಾಗಿ ಕಾಗದ ಬೇಕು.

ಯಂತ್ರದ ಕಟ್ಟು ಸಡಿಲಾಗಿದೆ

ಈಗ ಮೊದಲಿನ ಲೆಕ್ಕಕ್ಕೆ ಹಿಂದಿರುಗೋಣ. 1938ರಲ್ಲಿ ಚೆಸ್ಟರ್ ಕಾರ್ಲ್‌ಸನ್ ಎಂಬಾತನು ನಿಶ್ಚಲ ವಿದ್ಯುತ್ತಿನ ಆಕರ್ಷಣೆಯಿಂದ ಪುಡಿಮಸಿಯನ್ನು ಕಾಗದಕ್ಕೆ ಅಂಟಿಸುವ ವಿಧಾನವನ್ನು ಕಂಡುಹಿಡಿದನು. ಜೆರಾಕ್ಸ್ ಎಂದು ಊರೂರಿನಲ್ಲಿ ಹೆಸರಾದುದು ಅದೇ. ಅದರ ಮರಿಮಕ್ಕಳಾದ ಇಂದಿನ ಡಿಜಿಟಲ್ ಮುದ್ರಣ ಯಂತ್ರಗಳಿಗೆ ಪ್ಲೇಟು ಬೇಕಾಗಿಲ್ಲ. ಗಣಕದಲ್ಲಿರುವ ಚಿತ್ರ ನೇರವಾಗಿ ಕಾಗದಕ್ಕೆ ಇಳಿಯುತ್ತದೆ. ಐವತ್ತು ಪ್ರತಿಗಳಿಗೂ ಐನೂರು ಪ್ರತಿಗಳಿಗೂ ತಲಾ ವೆಚ್ಚದಲ್ಲಿ ದೊಡ್ಡ ಅಂತರವಿಲ್ಲ. ಇಂಥ ಯಂತ್ರಗಳು ಇಂದು ಉಡುಪಿಯ ಬೀದಿಗಳಲ್ಲಿಯೇ ಇವೆ. ಹತ್ತು ಸಾವಿರ ಜನರಿಗೆ ಒಪ್ಪುವ ಮಾತನ್ನು ಹುಡುಕುವ ನಿರ್ಬಂಧ ಇನ್ನು ಇಲ್ಲ. ಒಂದು ಊರಿಗಾಗಿ, ಒಂದು ಶಾಲೆಗಾಗಿ, ಒಂದು ಮನೆತನಕ್ಕಾಗಿ ಪತ್ರ ಮಾಡಿಸಬಹುದು. ನಿರ್ಬಂಧ ಹೋದರೂ ಅಭ್ಯಾಸ ಹೋಗಿಲ್ಲ ಎಂಬುದೇ ನಮ್ಮ ದೂರು. ಇಂದು ಅಲ್ಲಿ ಇಲ್ಲಿ ಮಾಡಿಸುವ ಪತ್ರಗಳನ್ನು ನೋಡಿದರೂ ಅದೇ ಗುಲಾಬಿ, ಅದೇ ಇಂಗ್ಲಿಷ್ ವಾಕ್ಯ.

ಈ ಕೆಲಸಕ್ಕೆ ನಮ್ಮ ಸೀಮೆಯಲ್ಲಿ ಯಾವ ಸಾಮಗ್ರಿಗೂ ಕೊರತೆಯಿಲ್ಲ. 1941ರಲ್ಲಿ ಮಣಿಪಾಲ ಪವರ್ ಪ್ರೆಸ್ ಎಂಬ ಹೆಸರಿನಿಂದ ಆರಂಭವಾದ ಉದ್ಯಮವು ಇಂದು ಬ್ಯಾಂಕುಗಳ ಚೆಕ್ಕು, ಕಾರ್ಡುಗಳಂಥ ನಾಜೂಕಿನ ಕೆಲಸವನ್ನು ಮಾಡುವಷ್ಟು ಬೆಳೆದಿದೆ. 1970ರ ಜನವರಿ 1ರಂದು ಮಣಿಪಾಲದಿಂದ ಹೊರಟ 'ಉದಯವಾಣಿ'ಯು ಅಚ್ಚಿನ ಅಂದಕ್ಕಾಗಿ ಹೆಸರು ಪಡೆಯಿತು. ಗಣಕದಲ್ಲಿ ಕನ್ನಡವನ್ನು ಸುಲಭವಾಗಿ ಬೆರಳಚ್ಚಿಸುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದ ಕೆ. ಪಿ. ರಾವ್ ಅವರು ಕರಾವಳಿಯವರೇ. ಚಿತ್ರಕಲೆಯಲ್ಲಿ, ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಕೆಲವೇ ಗೆರೆಗಳಿಂದ ಕುಣಿತದ ಲಯವನ್ನು ಹೇಗೆ ಹಿಡಿಯಬಹುದೆಂದು ತೋರಿಸಿಕೊಟ್ಟಿದ್ದಾರೆ. ಅಚ್ಚು, ಅಕ್ಷರ, ಚಿತ್ರ ಮೂರೂ ಇರುವ ಊರು ಹಿಮ ಬಿದ್ದ ಮರದ ಚಿತ್ರವನ್ನು ಹೊರಗಿನಿಂದ ಕೊಂಡುತರಬೇಕೇ?

ಮಳೆಗಾಲದ ಕಾಗದ

ನಮ್ಮ ಊರಿಗೆ ತಕ್ಕ ಪತ್ರ ಹೇಗಿರಬೇಕೆಂಬುದನ್ನು ನಿರ್ಣಯಿಸುವಾಗ ನಮ್ಮ ಹವೆಯನ್ನೂ ಕೇಳಬೇಕು. ಉಡುಪಿಯ ಸುತ್ತ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಒಂದು ಆಟಿ ತಿಂಗಳಲ್ಲಿ ನಾವು ನಾಲ್ಕು ಬಣ್ಣದ ಕೆಲವು ಪತ್ರಗಳನ್ನು ಮಾಡಿಸಿದೆವು. ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರದೆ ಹೂವಿನ ಅಂಚಿನಲ್ಲಿ ಕೆಂಪು ನೆರಳು ಕಾಣಿಸಿತು. ಮುದ್ರಕರನ್ನು ಆಕ್ಷೇಪಿಸಿದಾಗ, 'ಕಾಗದ ನೀರು ಕುಡಿದಿದೆ ಸ್ವಾಮಿ, ಯಂತ್ರವೇನು ಮಾಡೀತು?' ಎಂದರು. ಅವರ ಮಾತು ಸುಳ್ಳಲ್ಲ. ಕಾಗದವು ಸಸ್ಯದ ನಾರುಗಳ ಹಾಸು. ಗಾಳಿಯ ತೇವವನ್ನು ಹೀರಿದಾಗ ಪ್ರತಿಯೊಂದು ನಾರೂ ಉದ್ದಕ್ಕಿಂತ ಹೆಚ್ಚಾಗಿ ಅಡ್ಡಕ್ಕೆ ಉಬ್ಬುತ್ತದೆ. ಕಾರ್ಖಾನೆಯಲ್ಲಿ ಕಾಗದ ತಯಾರಾಗುವಾಗ ಹೆಚ್ಚಿನ ನಾರುಗಳು ಯಂತ್ರ ಓಡುವ ದಿಕ್ಕಿಗೆ ಮಲಗಿರುವುದರಿಂದ ಹಾಳೆಯೂ ಅಡ್ಡ ದಿಕ್ಕಿಗೆ ಹಿಗ್ಗುತ್ತದೆ. ಅರ್ಧ ಮೀಟರ್ ಅಗಲದ ಹಾಳೆ ಸಾವಿರಕ್ಕೆ ಎರಡು ಪಾಲಿನಷ್ಟು ಹಿಗ್ಗಿದರೂ ಒಂದು ಮಿಲಿಮೀಟರ್ ಆಯಿತು. ಚುಕ್ಕಿಗಳ ಅಂತರ 0.17 ಮಿಲಿಮೀಟರ್ ಎಂದು ಹಿಂದೆ ಹೇಳಿದೆವಲ್ಲವೇ? ಅದರ ಆರು ಪಟ್ಟು ಜಾರಿದಂತಾಯಿತು.

ಈ ತೊಂದರೆಗೆ ಪರಿಹಾರವೂ ನಮ್ಮ ಗೋಡೆಗಳ ಮೇಲೆಯೇ ಇದೆ. ಗೋವೆಯಿಂದ ಹಿಡಿದು ನಮ್ಮ ಕರಾವಳಿಯ ಹಳೆಯ ದೇವಾಲಯಗಳಲ್ಲಿ ಕಾಣುವ ಕಾವಿ ಕಲೆಯನ್ನು ವಾಚಕರು ನೋಡಿರಬಹುದು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಲೇಪ ಕೊಟ್ಟು, ಹಸಿಯಿರುವಾಗಲೇ ಕೆರೆದು ಬಿಳಿಯ ಗೆರೆಗಳನ್ನು ಎಬ್ಬಿಸುವ ಕಲೆ ಇದು. ಕೆಂಪು ಒಂದೇ ಬಣ್ಣ; ಬಿಳುಪು ಗೋಡೆಯದೇ. ಇದೇ ರೀತಿಯ ಚಿತ್ರವನ್ನು ಬಿಳಿ ಕಾರ್ಡಿನ ಮೇಲೆ ಒಂದೇ ಬಣ್ಣದಲ್ಲಿ ಅಚ್ಚು ಹಾಕಿದರೆ ಬಣ್ಣದ ಮೇಲೆ ಬಣ್ಣ ಕೂರಿಸುವ ಕಷ್ಟವೇ ಇಲ್ಲ. ಮಳೆಗಾಲದಲ್ಲಿ ಕಾಗದ ಎಷ್ಟು ಹಿಗ್ಗಿದರೂ ಚಿತ್ರ ಕೆಡುವುದಿಲ್ಲ. ಲಗ್ನಪತ್ರಿಕೆಗಳಿಗೆ ಬಳಕೆಯಲ್ಲಿರುವ ಸ್ಕ್ರೀನ್ ಪ್ರಿಂಟಿಂಗ್ ಇದಕ್ಕೆ ಸಾಕು. ಚೌಕಟ್ಟಿಗೆ ಬಿಗಿದ ತೆಳುಬಟ್ಟೆಯ ಮೂಲಕ ಮಸಿಯನ್ನು ಒತ್ತುವ ಈ ವಿಧಾನವನ್ನು ಶಾಲೆಯ ಮಕ್ಕಳೂ ಕಲಿಯಬಲ್ಲರು. 1901ರ ಕಾಪುವಿನ ದೀಪಸ್ತಂಭ, 1432ರಲ್ಲಿ ನಿಂತ ಕಾರ್ಕಳದ ಗೊಮ್ಮಟ, ಯಕ್ಷಗಾನದ ಕೇದಗೆ ಮುಂದಲೆ ಇವೆಲ್ಲ ಒಂದೇ ಬಣ್ಣದಲ್ಲಿ ಒಪ್ಪುವ ಆಕಾರಗಳು.

ಕಾಗದದ ವಿಷಯದಲ್ಲಿ ಇನ್ನೂ ಎರಡು ಮಾತು. ಮೊದಲನೆಯದು, ಮಡಿಕೆಯು ನಾರಿನ ದಿಕ್ಕಿಗೇ ಇರಬೇಕು. ಅಡ್ಡಲಾಗಿ ಮಡಿಸಿದರೆ ದಪ್ಪ ಕಾರ್ಡು ಬಿರಿದು ಬಿಳಿಯ ಗೆರೆ ಬೀಳುತ್ತದೆ. ಎರಡನೆಯದು, ಒಳಪುಟವು ಬರೆಯುವಂತಿರಬೇಕು. ಹೊಳಪಿನ ಆರ್ಟ್ ಕಾರ್ಡಿನ ಮೇಲೆ ಬಿಳಿಜೇಡಿಯ ಅಥವಾ ಸುಣ್ಣದ ಲೇಪವಿರುತ್ತದೆ. ಅದರ ಮೇಲೆ ಪ್ಲಾಸ್ಟಿಕ್ಕಿನ ಪದರವನ್ನೂ ಅಂಟಿಸಿದರೆ ಶಾಯಿ ಹೀರದೆ ಕೈಗೆ ಮೆತ್ತುತ್ತದೆ. ಬರೆಯಬೇಡಿರೆಂದು ಕಾಗದವೇ ಹೇಳಿದಂತಾಯಿತು. ಹೊಳಪಿಲ್ಲದ ಸಾದಾ ಕಾರ್ಡು ಶಾಯಿಯನ್ನು ಸ್ವೀಕರಿಸುತ್ತದೆ, ಅಗ್ಗವೂ ಹೌದು. ಕಾಗದ ಹಾಳುಮಾಡುವುದೇಕೆ ಎಂದು ಕೇಳುವವರಿಗೂ ಇದೇ ಉತ್ತರ. ಪ್ಲಾಸ್ಟಿಕ್ ಪದರವೂ ಮಿನುಗುಪುಡಿಯೂ ಇಲ್ಲದ ಕಾರ್ಡು ಮರಳಿ ಕಾಗದವಾಗಬಲ್ಲುದು.

ತೂಕವನ್ನೂ ನೋಡೋಣ. ಚದರ ಮೀಟರಿಗೆ 300 ಗ್ರಾಂ ತೂಗುವ ಕಾರ್ಡನ್ನು 210 ಮಿಲಿಮೀಟರ್ ಉದ್ದ, 148 ಮಿಲಿಮೀಟರ್ ಅಗಲಕ್ಕೆ ಕತ್ತರಿಸಿ ನಡುವೆ ಮಡಿಸಿದರೆ ಅದರ ತೂಕ ಸುಮಾರು 9 ಗ್ರಾಂ. ಲಕ್ಕೋಟೆಗೆ ನಾಲ್ಕೈದು ಗ್ರಾಂ. ಕೂಡಿಸಿದರೆ 14 ಗ್ರಾಂ. ಸಾಮಾನ್ಯ ಅಂಚೆಯ ಮೊದಲ ಮಿತಿಯಾದ 20 ಗ್ರಾಂಗೆ ಒಳಗೇ ಆಯಿತು. ರಿಬ್ಬನ್ನು, ಒಳಹಾಳೆ, ಮಣಿಗಳನ್ನು ಸೇರಿಸುತ್ತ ಹೋದರೆ ಮಿತಿ ಮೀರುತ್ತದೆ. ಸಾದಾತನವು ಜೇಬಿಗೂ ಹಿತ.

ನಾವು ಕೇಳುವುದಿಷ್ಟು

ಮುದ್ರಕರಲ್ಲಿ ನಮ್ಮ ಬೇಡಿಕೆ ಹೀಗಿದೆ. ಮುಖದ ಮೇಲೆ ನಮ್ಮ ಊರಿನ ಒಂದು ಚಿತ್ರವಿರಲಿ. ಅದರ ಕೆಳಗೆ ಕನ್ನಡದಲ್ಲಿ ಹಾರೈಕೆಯ ಒಂದೇ ವಾಕ್ಯವಿರಲಿ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆಯಾದುದರಿಂದ ಇಂಗ್ಲಿಷಿಗೆ ಬಿಟ್ಟಷ್ಟೇ ಜಾಗ ಬಿಟ್ಟು ಅಕ್ಷರಗಳನ್ನು ಇಕ್ಕಟ್ಟಿಗೆ ಸಿಕ್ಕಿಸುವುದು ಬೇಡ. ಒಳಪುಟವನ್ನು ಖಾಲಿ ಬಿಡಿರಿ. ಖಾಲಿ ಪುಟಕ್ಕೆ ಹಣ ಕೊಡುವವರುಂಟೇ ಎಂಬ ಶಂಕೆ ಸಹಜ. ಪದ್ಯ ತುಂಬಿದ ಪುಟಕ್ಕೆ ಹಣ ಕೊಡುವವರು ಉಳಿದಿಲ್ಲವೆಂಬುದು ಈಗಾಗಲೇ ಸಿದ್ಧವಾಗಿದೆ. ಪರೀಕ್ಷಿಸಿ ನೋಡುವುದರಿಂದ ನಷ್ಟವೇನು?

ಶಾಲೆಗಳ ಅಧ್ಯಾಪಕರಲ್ಲಿ ಒಂದು ಕೋರಿಕೆ. ಕನ್ನಡದ ಪಾಠದಲ್ಲಿ ಪತ್ರಲೇಖನವನ್ನು ಪರೀಕ್ಷೆಯ ಅಂಕಕ್ಕಾಗಿ ಕಲಿಸುತ್ತೀರಿ. ವರ್ಷಕ್ಕೊಮ್ಮೆಯಾದರೂ ಮಕ್ಕಳು ಒಂದು ಪತ್ರವನ್ನು ತಾವೇ ಅಚ್ಚು ಮಾಡಿ, ನಿಜವಾದ ವಿಳಾಸಕ್ಕೆ, ನಿಜವಾದ ಅಂಚೆಚೀಟಿ ಹಚ್ಚಿ, ಅಜ್ಜನಿಗೋ ದೂರದ ದೊಡ್ಡಮ್ಮನಿಗೋ ಕಳುಹಿಸಲಿ. ಬಣ್ಣ, ಕಾಗದ, ತೂಕ, ಭಾಷೆ ನಾಲ್ಕೂ ಪಾಠಗಳು ಒಂದರಲ್ಲೇ ಆಗುತ್ತವೆ.

ಇನ್ನುಳಿದ ನಮ್ಮೆಲ್ಲರ ಪಾಲು ಸಣ್ಣದು. ಫೋನಿನೊಡನೆ ನಮಗೆ ಜಗಳವಿಲ್ಲ. ಹೆರಿಗೆಯ ಸುದ್ದಿ, ಆಸ್ಪತ್ರೆಯ ಸುದ್ದಿ ಕ್ಷಣದಲ್ಲಿ ತಲಪಬೇಕು. ಅದಕ್ಕೆ ಫೋನೇ ಸರಿ. ನೂರು ಜನರಿಗೆ ಪತ್ರ ಬರೆಯಿರೆಂದೂ ನಾವು ಹೇಳುವುದಿಲ್ಲ. ಹೆನ್ರಿ ಕೋಲನಿಗಿಲ್ಲದ ಬಿಡುವು ನಮಗೂ ಇರಲಾರದು. ಬರುವ ಹಬ್ಬಕ್ಕೆ ಒಬ್ಬರನ್ನು ಆರಿಸಿಕೊಂಡು, ಅವರ ಮನೆಯ ಸಂಗತಿಯನ್ನೇ ಕುರಿತು ನಾಲ್ಕು ಸಾಲು ಬರೆದರೆ ಸಾಕು. ನಮ್ಮ ಸೋದರಮಾವ ಕೇಳಿದ್ದ ಆ ಪ್ರಶ್ನೆಗಳಿಗೆ ನಾವು ಅಂದು ಉತ್ತರ ಬರೆದೆವೋ ಇಲ್ಲವೋ ನೆನಪಿಲ್ಲ. ಅವರು ಈಗಿಲ್ಲ. ಅವರ ಮಗಳು ಮುಂಬಯಿಯಲ್ಲಿದ್ದಾಳೆ. ಅಂಗಳದ ಹಲಸು ಈ ವರ್ಷ ಚೆನ್ನಾಗಿ ಫಲ ಬಿಟ್ಟಿತೆಂದು ಅವಳಿಗೆ ಬರೆದು, ಕಾರ್ಡನ್ನು ಅಂಚೆಗೆ ಹಾಕಿದ್ದೇವೆ.